ಮುಂದಿನ ಸೀಟಿನ ಅತ್ತೆ

ಲೈಸೆನ್ಸ್ ಇರುವುದು ನನ್ನ ಹೆಸರಿನಲ್ಲಿ. ಕಾರು ಓಡಿಸುವುದು ಮಾತ್ರ ನಮ್ಮ ಅತ್ತೆ! ಅತ್ತೆ ಎಂದರೆ ಅಪ್ಪನ ತಂಗಿ. ಸ್ಟಿಯರಿಂಗನ್ನು ಒಮ್ಮೆಯೂ ಮುಟ್ಟಿದವರಲ್ಲ. ಮುಟ್ಟುವ ಅಗತ್ಯವಾದರೂ ಏನು? ಪಕ್ಕದ ಸೀಟಿನಲ್ಲಿ ಕುಳಿತು ಬಾಯಿಯಲ್ಲೇ ಓಡಿಸುತ್ತಾರೆ. ಅವರ ಕಾಲ ಕೆಳಗೆ ಬ್ರೇಕ್ ಇಲ್ಲವೆಂಬುದು ನಮಗೆಲ್ಲ ಗೊತ್ತು, ಅವರ ಬಲಗಾಲಿಗೆ ಇನ್ನೂ ಗೊತ್ತಿಲ್ಲ! ಒತ್ತಿ ಒತ್ತಿ ಅಲ್ಲಿಯ ಮ್ಯಾಟು ತೂತಾಗಿದೆ.

ಬಿ.ಸಿ.ರೋಡಿನ ಪೇಟೆ ದಾಟುವುದೇ ತಡ, ಶುರು.

“ನಾಯಿ!”

ನಾನು ಬ್ರೇಕ್ ತುಳಿದೆ. ಹಿಂದಿನ ಬಸ್ಸಿನವನು ಹಾರ್ನಿನಲ್ಲೇ ನನ್ನ ವಂಶವನ್ನೆಲ್ಲ ನೆನೆದ. ನೋಡಿದರೆ ರಸ್ತೆ ಖಾಲಿ!

“ಎಲ್ಲಿ ಅತ್ತೆ ನಾಯಿ?”

“ಆ ಮನೆಯ ಅಂಗಳದಲ್ಲಿ. ಕಟ್ಟಿ ಹಾಕಿದ್ದಾರೆ.”

“ಕಟ್ಟಿದ ನಾಯಿ ರಸ್ತೆಗೆ ಹೇಗೆ ಬರ್ತದೆ?”

“ಗಟ್ಟಿ ಕಟ್ಟಿದ್ದಾರೆ ಅಂತ ನೀನು ಹೋಗಿ ನೋಡಿದ್ದೀಯಾ?”

ಇದಕ್ಕೆ ಯಾವ ಡ್ರೈವಿಂಗ್ ಸ್ಕೂಲಿನಲ್ಲಿ ಉತ್ತರ ಕಲಿಸುತ್ತಾರೆ, ಹೇಳಿ?

ಮೂಡುಬಿದಿರೆಯ ಶಾಲೆಯೊಂದರಲ್ಲಿ ನಾನು ಟೀಚರ್. ಆ ದಾರಿಯ ಒಂದೊಂದು ತಿರುವೂ ನನಗೆ ಬಾಯಿಪಾಠ. ಒಮ್ಮೆ ಹಲ್ಲಿನ ಡಾಕ್ಟರಲ್ಲಿಗೆಂದು ಅತ್ತೆಯೂ ಬಂದರು. ನೋವಿಗೆ ಬಾಯಿ ಮುಚ್ಚಿ ಕುಳಿತಿದ್ದರು, ನನಗೋ ಸ್ವರ್ಗ! ಅಷ್ಟರಲ್ಲಿ ಕಾರು ಧಡಾರನೆ ಹಾರಿ ಬಿತ್ತು. ಯಾರೋ ಪುಣ್ಯಾತ್ಮರು ಹೊಸ ಹಂಪ್ ಹಾಕಿದ್ದರು.

“ನಿನ್ನೆ ಇರ್ಲಿಲ್ಲ ಅತ್ತೆ, ದೇವರಾಣೆ!”

ಕೆನ್ನೆ ಹಿಡಿದುಕೊಂಡೇ ಹೇಳಿದರು: “ನೀನು ಓಡಿಸುವುದು ನಿನ್ನೆಯ ರಸ್ತೆಯಲ್ಲಿ ಮಾರಾಯ್ತಿ. ನಾನು ಕೂತದ್ದು ಇವತ್ತಿನ ಕಾರಿನಲ್ಲಿ!”

ಹಲ್ಲುನೋವು ಅಲ್ಲೇ ವಾಸಿಯಾಯಿತೋ ಏನೋ, ಡಾಕ್ಟರ ಬಾಗಿಲವರೆಗೂ ಮಾತು ನಿಲ್ಲಲಿಲ್ಲ.

ಕಳೆದ ತಿಂಗಳು ಬೆಳ್ತಂಗಡಿಯಲ್ಲೊಂದು ಮದುವೆ. ಒಳ್ಳೆಯ ಬಿಸಿಲು, ನೇರ ರಸ್ತೆ. ಎದುರಿನ ಲಾರಿ, ಓವರ್‌ಟೇಕ್ ಮಾಡುವ ಬಸ್ಸು, ಸಂದಿಯಲ್ಲಿ ನುಗ್ಗುವ ಬೈಕು, ಎಲ್ಲದರ ಮೇಲೂ ನನ್ನ ಕಣ್ಣಿತ್ತು.

“ಕುರ್ಚಿ!” ಎಂದರು ಅತ್ತೆ.

“ಮದುವೆ ಹಾಲಿನಲ್ಲಿ ಬೇಕಾದಷ್ಟು ಉಂಟು ಅತ್ತೆ. ಈಗಲೇ ಎಂತ ಗಡಿಬಿಡಿ?”

“ರಸ್ತೆಯಲ್ಲಿ! ಕುರ್ಚಿ!”

ಕಾರು ಕಿರುಚಿ ನಿಂತಿತು. ಬಂಪರಿನಿಂದ ಒಂದು ಮಾರು ಮುಂದೆ, ನಡುರಸ್ತೆಯಲ್ಲಿ, ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದು ಮುಖ್ಯ ಅತಿಥಿಗೆ ಕಾದಂತೆ ನೆಟ್ಟಗೆ ನಿಂತಿತ್ತು! ಶಾಮಿಯಾನದವರ ಪಿಕಪ್ಪಿನಿಂದ ಬಿದ್ದದ್ದಿರಬೇಕು.

ಅತ್ತೆ ಇಳಿದು ಅದನ್ನು ಬದಿಗೆಳೆದರು. ಎಳೆದವರು ಅದರಲ್ಲೇ ಕುಳಿತುಬಿಟ್ಟರು. ಬೈಗುಳಕ್ಕೆ ನಾನು ಕಿವಿ ಸಿದ್ಧ ಮಾಡಿಕೊಂಡೆ.

“ನಿನಗೆ ನಿಜವಾಗಿಯೂ ಕಾಣ್ಲಿಲ್ಲವಾ?” ಸ್ವರ ಮೆತ್ತಗಿತ್ತು.

“ಕೆಂಪಗೆ ಏನೋ ಕಂಡಿತ್ತು ಅತ್ತೆ. ರಸ್ತೆಯಲ್ಲಿ ಕುರ್ಚಿ ಇರ್ತದೆ ಅಂತ ತಲೆಗೇ ಹೋಗ್ಲಿಲ್ಲ. ಲಾರಿ, ಬಸ್ಸು ಬಂದೀತು ಅಂತ ನೋಡ್ತಿದ್ದೆ. ಇದು ಕಣ್ಣಿಗೆ ಬಿದ್ದಿತ್ತು, ನಾನು ನೋಡಿರ್ಲಿಲ್ಲ.”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಮಾವ, ಅಂದರೆ ಅವರ ಗಂಡ, ನಾನು ಸಣ್ಣವಳಿದ್ದಾಗಲೇ ತೀರಿಕೊಂಡವರು. ಸೈಕಲ್ಲಿನ ಚೈನು ಕಳಚಿತೆಂದು ರಸ್ತೆಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಾಗ ಜೀಪೊಂದು ಗುದ್ದಿತ್ತು. ಆ ಮಾತನ್ನು ಅತ್ತೆ ಎಂದೂ ಎತ್ತಿದವರಲ್ಲ.

“ಆ ಜೀಪಿನವನೂ ಹೀಗೆಯೇ ಹೇಳಿದ್ದ. ‘ಅಕ್ಕಾ, ನನಗೆ ಕಾಣ್ಲೇ ಇಲ್ಲ’ ಅಂತ ಕಾಲು ಹಿಡಿದು ಅತ್ತಿದ್ದ. ಹಾಡುಹಗಲಲ್ಲಿ ಅಷ್ಟು ದೊಡ್ಡ ಮನುಷ್ಯ ಕಾಣುವುದಿಲ್ಲ ಅಂದ್ರೆ? ಸುಳ್ಳ ಅಂತ ಬೈದು ಓಡಿಸಿದೆ.” ಕುರ್ಚಿಯ ಅಂಚು ಸವರುತ್ತ ಕೇಳಿದರು: “ಸುಳ್ಳು ಹೇಳಿರ್ಲಿಕ್ಕಿಲ್ಲ ಅಲ್ವಾ, ಪಾಪ?”

“ಇರ್ಲಿಕ್ಕಿಲ್ಲ ಅತ್ತೆ.”

“ಹೂಂ.” ಎದ್ದರು. “ಹೋಗುವ. ಊಟಕ್ಕೆ ತಡ ಆಗ್ತದೆ.”

ಸ್ವಲ್ಪ ದೂರ ಹೋಗಿ ಪಕ್ಕಕ್ಕೆ ನೋಡಿದರೆ, ಅತ್ತೆ ಸೀಟಿಗೆ ತಲೆಯಾನಿಸಿ, ಬಾಯಿ ತುಸು ತೆರೆದು, ಮಗುವಿನಂತೆ ನಿದ್ದೆ ಹೋಗಿದ್ದರು. ಮದುವೆ ಹಾಲಿನೆದುರು ಮರದ ನೆರಳಿನಲ್ಲಿ ಕಾರು ನಿಲ್ಲಿಸಿದೆ. ಎಬ್ಬಿಸಲು ಮನಸ್ಸಾಗಲಿಲ್ಲ.