ಶೈಲಾಳ ಪಾರ್ಲರಿನಲ್ಲಿ ಯುರೋಪಿಯಂ

ನಲವತ್ತಾರನೆಯ ವಯಸ್ಸಿನಲ್ಲಿ ಪಿಎಚ್.ಡಿ. ಮಾಡಲು ಹೊರಟ ಹೆಂಗಸನ್ನು ಯಾರೂ ವಿಷಯವೇನೆಂದು ಕೇಳುವುದಿಲ್ಲ. ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಾರೆ, ಮನೆ ಕಟ್ಟಿಸುತ್ತಿರುವವರನ್ನು ಕೇಳಿದ ಹಾಗೆ. ಅಂಕೋಲೆಯ ನಮ್ಮ ಕೇರಿಯಲ್ಲಿ ಐದು ವರ್ಷದಿಂದ ‘ಇನ್ನೇನು, ಬಂತು’ ಎನ್ನುತ್ತ ತಿರುಗುತ್ತಿದ್ದೇನೆ. ಕೇಳಿದ್ದರೆ ಹೇಳಲು ವಿಷಯವೇನೋ ಚೆನ್ನಾಗಿಯೇ ಇತ್ತು: ಬಿಳಿ ಪುಡಿಯೊಂದನ್ನು ಕೆಂಪಗೆ ಬೆಳಗಿಸುವುದು. ಯುರೋಪಿಯಂ ಎಂಬ ಲೋಹ ಅಚ್ಚ ಕೆಂಪು ಬೆಳಕು ಕೊಡಬಲ್ಲದು, ಆದರೆ ತಾನಾಗಿ ಬೆಳಕನ್ನು ಹೀರಿಕೊಳ್ಳುವುದರಲ್ಲಿ ಮಹಾ ಸೋಮಾರಿ. ಆದ್ದರಿಂದ ಅದರ ಸುತ್ತ ಲಿಗ್ಯಾಂಡ್ ಎಂಬ ಸಾವಯವ ಅಣುಗಳನ್ನು ಕೂರಿಸಬೇಕು. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಅವು ಹೀರಿ ಲೋಹಕ್ಕೆ ದಾಟಿಸುತ್ತವೆ. ಅಂಥ ಅಣುವನ್ನು ರೂಪಿಸುವುದೇ ನನ್ನ ಕೆಲಸ.

ನಾನು ರೂಪಿಸಿದ ಅಣುವಿಗೆ ಇಂಗಾಲದ ಸರಪಳಿಯ ಉದ್ದನೆಯ ಬಾಲವಿತ್ತು. ಅದರ ಚಿತ್ರವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಹೆತ್ತ ಮಗುವನ್ನು ನೋಡುವಂತೆ ನೋಡುತ್ತಿದ್ದೆ. ಧಾರವಾಡದಲ್ಲಿರುವ ನನ್ನ ಮಾರ್ಗದರ್ಶಕರ ಪ್ರಯೋಗಾಲಯದಲ್ಲಿ ಪುಡಿಯನ್ನು ಒಣಗಿಸಿ ನೇರಳಾತೀತ ದೀಪದಡಿ ನೋಡಿದರೆ ಧಗಧಗ. ನಾನು ಪಾಠ ಮಾಡುವ ಕಾರವಾರದ ಕಾಲೇಜಿಗೆ ತಂದು ಎಂಟು ದಿನ ಇಟ್ಟರೆ ಮಂಕು. ಬಾಲವನ್ನು ಇನ್ನಷ್ಟು ಉದ್ದ ಮಾಡಿದೆ. ಮತ್ತೆ ಮಂಕು. ಹೀಗೆ ಬಾಲ ಬೆಳೆಸುವುದರಲ್ಲೇ ಎರಡು ವರ್ಷ ಹೋಯಿತು. ಈ ಮಳೆಗಾಲದೊಳಗೆ ಆಗದಿದ್ದರೆ ನೋಂದಣಿ ರದ್ದಾಗುತ್ತದೆ, ಇನ್ನು ಅವಧಿ ಕೇಳಬೇಡಿ ಎಂದು ಮಾರ್ಗದರ್ಶಕರು ಮೆತ್ತಗೆ ಹೇಳಿದರು. ಅದೇ ವಾರ ಕಾಲೇಜಿನ ನೇರಳಾತೀತ ದೀಪವೂ ಕಣ್ಣು ಮುಚ್ಚಿತು.

ಆಗ ನೆನಪಾದದ್ದು ಕಾರವಾರದ ಬಸ್ ಸ್ಟ್ಯಾಂಡ್ ಹತ್ತಿರ ಬ್ಯೂಟಿ ಪಾರ್ಲರ್ ಇಟ್ಟಿರುವ ಶೈಲಾ. ಅವಳ ತವರು ಅಲ್ಲೇ ಹತ್ತಿರದ ಚೆಂಡಿಯಾ ಹಳ್ಳಿ. ಜಾಗ ನೌಕಾನೆಲೆಗೆ ಹೋದ ಮೇಲೆ ಬೇರೆ ಕಡೆ ನೆಲೆನಿಂತ ಮನೆತನ. ಉಗುರು ಬಣ್ಣ ಒಣಗಿಸುವ ಅವಳ ಪುಟ್ಟ ದೀಪವೂ ನೇರಳಾತೀತದ್ದೇ. ನನ್ನ ಪುಡಿ ತುಂಬಿ ಮುಚ್ಚಿದ ಗಾಜಿನ ಶೀಸೆಯನ್ನು ಅದರೊಳಗೆ ಇಟ್ಟಾಗ ಬಡಕಲು ಕೆಂಪೊಂದು ಕಾಣಿಸಿತು. ಯಾವಾಗ ಮುಗಿಯುತ್ತದೆ ಎಂದು ಶೈಲಾ ಕೇಳಲಿಲ್ಲ. “ಪುಡಿ ಬೆಳ್ಳಗದೆ, ದೀಪ ನೀಲಿ. ಈ ಕೆಂಪು ಎಲ್ಲಿಂದ ಬಂತು ಅಕ್ಕೋರೇ?” ಎಂದಳು.

ಐದು ವರ್ಷದಲ್ಲಿ ಮೊದಲ ಸಲ ಒಬ್ಬರು ಕೇಳಿದ್ದು. ಅಂಕೋಲೆಯ ಬಸ್ಸು ಹೋದರೆ ಹೋಗಲಿ ಎಂದು ಕೂತು ವಿವರಿಸಿದೆ. ಅವಳ ಗಂಡ ಕೈಗಾ ಅಣುಸ್ಥಾವರಕ್ಕೆ ಕೆಲಸಕ್ಕೆ ಹೋಗುವ ಕಂಪನಿ ಬಸ್ಸನ್ನೇ ಉದಾಹರಣೆ ಮಾಡಿಕೊಂಡೆ. ಯುರೋಪಿಯಂ ಅಂದರೆ ಎಂಟು ಸೀಟಿನ ಬಸ್ಸು ಅಂತ ತಿಳಿ, ನನ್ನ ಲಿಗ್ಯಾಂಡುಗಳು ಮೂರು ಜನ, ದಪ್ಪಗಿದ್ದಾರೆ, ಒಬ್ಬೊಬ್ಬರಿಗೆ ಎರಡೆರಡು ಸೀಟು ಬೇಕು ಎಂದೆ. ಶೈಲಾ ಬೆರಳು ಮಡಚಿ ಲೆಕ್ಕ ಹಾಕಿದಳು.

“ಉಳಿದ ಎರಡು ಸೀಟು ಖಾಲಿ ಇರೂದಿಲ್ಲಲ್ಲ. ಅಲ್ಲಿ ಯಾರು ಕೂತಿದ್ರು?”

ನೀರು. ಕೂತಿದ್ದದ್ದು ನೀರು. ಲೋಹಕ್ಕೆ ಅಂಟಿಕೊಂಡ ನೀರು, ಬೆಳಕಾಗಬೇಕಾದ ಶಕ್ತಿಯನ್ನು ಕಸಿದು ಬರೀ ಬಿಸಿಯಾಗಿ ಕಳೆದುಬಿಡುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ; ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಂಡಿದ್ದೆ. ಆದರೆ ನನ್ನ ಚೆಂದದ ಬಾಲವೇ ನೀರನ್ನು ಓಡಿಸುತ್ತದೆಂದು ನಂಬಿದ್ದೆ. ಧಾರವಾಡದಲ್ಲಿ ಒಣಗಿಸಿದ ಪುಡಿ ಕಾರವಾರದ ಜುಲೈ ಗಾಳಿಯಲ್ಲಿ ಮತ್ತೆ ನೀರು ಕುಡಿಯುತ್ತಿತ್ತು, ನಾನು ಬಾಲ ಅಳೆಯುತ್ತ ಕೂತಿದ್ದೆ.

ಮರುದಿನವೇ ಕಪಾಟಿನಿಂದ ಫಿನಾಂತ್ರೊಲಿನ್ ಶೀಸೆ ತೆಗೆದೆ. ಚಪ್ಪಟೆಯ ಅಣು, ಎರಡು ಸೀಟನ್ನೂ ತಾನೇ ಹಿಡಿದು ಕೂರುತ್ತದೆ. ಹೊಸ ಪುಡಿಯನ್ನು ಹದಿನೈದು ದಿನ ಮಳೆಗಾಳಿಗೆ ತೆರೆದಿಟ್ಟು, ಪಾರ್ಲರಿಗೆ ಒಯ್ದೆ. ಒಂದು ಕೈಯ ಉಗುರು ಮಾತ್ರ ಮುಗಿದಿದ್ದ ಗಿರಾಕಿಯೊಬ್ಬಳನ್ನು ಶೈಲಾ ಪಕ್ಕಕ್ಕೆ ಕೂರಿಸಿ ದೀಪ ಹಾಕಿದಳು. ಶೀಸೆ ಕೆಂಡದ ಹಾಗೆ ಹೊತ್ತಿತು. ಆ ಗಿರಾಕಿ ಇದೇ ಬಣ್ಣ ತನಗೂ ಬೇಕೆಂದಳು.

ಮಾರ್ಗದರ್ಶಕರು ಸಂತೋಷಪಟ್ಟು, ಇದು ಹೇಗೆ ಹೊಳೆಯಿತು ಎಂದು ವಿಚಾರಿಸಿದರು. ಹಳೆಯ ಸಂಶೋಧನಾ ಲೇಖನಗಳನ್ನೆಲ್ಲ ಮತ್ತೊಮ್ಮೆ ಓದಿದೆ ಸರ್ ಎಂದುಬಿಟ್ಟೆ. ಘಟ್ಟ ಇಳಿಯುವಷ್ಟೂ ಹೊತ್ತು ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಚುಚ್ಚಿತು. ಮರುದಿನ ಶೈಲಾಳ ಮುಂದೆ, ನಿನ್ನ ಹೆಸರು ಹೇಳಲಿಲ್ಲ ಎಂದು ತಪ್ಪೊಪ್ಪಿಕೊಂಡೆ. ಅವಳಿಗೆ ಅದು ಮುಖ್ಯವೇ ಅಲ್ಲ. “ಇರಲಿ ಬಿಡಿ. ಹಸಿರು ಬತ್ತದಾ?”

ಬರದೆ ಏನು, ಲೋಹ ಬದಲಿಸಿದರೆ ಆಯಿತು, ಟರ್ಬಿಯಂ ಹಾಕಿದರೆ ಹಸಿರು, ಮುಂದಿನ ವಾರ ನೋಡು ಎಂದು ದೊಡ್ಡದಾಗಿ ಹೇಳಿ ಬಂದೆ. ಅದೇ ಲಿಗ್ಯಾಂಡು, ಅದೇ ಫಿನಾಂತ್ರೊಲಿನ್, ಲೋಹ ಮಾತ್ರ ಬೇರೆ. ದೀಪ ಹಾಕಿದರೆ ಹಸಿರೂ ಇಲ್ಲ, ಯಾವುದೂ ಇಲ್ಲ. ಶೀಸೆಯಲ್ಲಿ ಮೈದಾಹಿಟ್ಟಿನಂಥ ಪುಡಿ ಸುಮ್ಮನೆ ಕೂತಿತ್ತು.

“ಎಂತಕೆ ಬರಲಿಲ್ಲ?” ಎಂದಳು ಶೈಲಾ.

ತರಗತಿಯಲ್ಲಿ ಮಕ್ಕಳು ಹೀಗೆ ಕೇಳಿದಾಗ ಹದಿನೆಂಟು ವರ್ಷದಿಂದ ನಾನು ಕೊಡುತ್ತ ಬಂದ ಉತ್ತರವೊಂದಿದೆ: ಅದು ಪರೀಕ್ಷೆಗೆ ಬರುವುದಿಲ್ಲ. ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಆದರೆ ಶೈಲಾಳಿಗೆ ಯಾವ ಪರೀಕ್ಷೆಯೂ ಇರಲಿಲ್ಲ, ಇದ್ದದ್ದು ನನಗೆ. ನನಗೂ ಗೊತ್ತಿಲ್ಲ, ಇಬ್ಬರೂ ಹುಡುಕೋಣ ಎಂದು ಕುರ್ಚಿ ಎಳೆದುಕೊಂಡು ಕೂತೆ.