ಮನಿಲಾದ ಡೈರೆಕ್ಟರ್ ಎದುರು ಮನೆಗೆ ಬಂದ

ಸಿನಿಮಾ ಮಾಡೋರ ಎದುರಿಗೆ ಮಾತ್ರ ಮನೆ ಹಿಡಿಯಬೇಡಿ ಸ್ವಾಮಿ. ಹಿಡಿಯಲೇಬೇಕು ಅಂದ್ರೆ ಮೊದಲು ಡಾಕ್ಟರಿಗೆ ಎದೆ ತೋರಿಸ್ಕೊಂಡು ಬನ್ನಿ. ಸಾಫ್ಟ್‌ವೇರ್‌ನವರಿಗೆ ಜರ್ಮನಿ ಕೊಡ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿ ಮೈಸೂರಿಂದ ಮ್ಯೂನಿಕ್ಕಿಗೆ ಬಂದಾಗ, ಜರ್ಮನಿಯಲ್ಲಿ ಎಲ್ಲ ಗಡಿಯಾರದ ಹಾಗೆ ನಡೆಯುತ್ತೆ, ಗಾಬರಿ ಬೀಳೋ ಮಾತೇ ಇಲ್ಲ ಅಂತ ನಂಬಿದ್ದೆ. ಅಷ್ಟರಲ್ಲಿ ಎದುರು ಮನೆಗೆ ಫಿಲಿಪೀನ್ಸಿನ ಮನಿಲಾದವನೊಬ್ಬ ಬಂದ. ಸಿನಿಮಾ ಕಲಿಯೋಕೆ ಬಂದವನು, ಈಗ ತನ್ನದೇ ಕ್ಯಾಮೆರಾ ಹಿಡಿದು ಮೊದಲ ಚಿತ್ರ ಮಾಡ್ತಿದ್ದ. ನಿರ್ಮಾಪಕ ಅಂತ ಯಾರೂ ಇಲ್ಲ. ಈ ಚಿತ್ರ ಒಂದಾದರೂ ಚಿತ್ರೋತ್ಸವಕ್ಕೆ ಆಯ್ಕೆ ಆಗಬೇಕು, ಇಲ್ಲದಿದ್ರೆ ಊರಿಗೆ ಹೋಗಿ ಭಾವನ ಟೈರ್ ಅಂಗಡೀಲಿ ಕೂರ್ತೀನಿ ಅಂತ ಮನೆಯವರಿಗೆ ಮಾತು ಕೊಟ್ಟು ಬಂದಿದ್ದ. ನನ್ನಿಂದ "ಗುರು" ಅನ್ನೋ ಪದ ಕಲಿತ. ನಾವೆಲ್ಲ ಅವನನ್ನ ಡೈರೆಕ್ಟರ್ ಅಂತ ಕರೀತಿದ್ವಿ.

ನಾಯಕನಟ

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ವಾಷ್‌ಕ್ಯೂಷೆ, ಅಂದ್ರೆ ಎಲ್ಲ ಮನೆಯವರೂ ಬಟ್ಟೆ ಒಗೆಯೋ ಕೋಣೆ. ಒಂದು ಶನಿವಾರ ಮೆಷಿನ್‌ಗೆ ಬಟ್ಟೆ ಹಾಕಿ ಬಂದಿದ್ದೆ. ಆಯ್ತೇನೋ ಅಂತ ನೋಡೋಕೆ ಇಳಿದ್ರೆ, ಡೈರೆಕ್ಟರ್ ಬಕೆಟ್ ಬೋರಲು ಹಾಕ್ಕೊಂಡು ಮೆಷಿನ್ ಮುಂದೆ ಕೂತಿದಾನೆ. ಕ್ಯಾಮೆರಾ ಓಡ್ತಿದೆ.

"ಏನಪ್ಪಾ ಇದು?" ಅಂದೆ.

"ಶ್! ಈಗ ಅವನು ಮೇಲೆ ಬರ್ತಾನೆ."

ನೋಡಿದ್ರೆ, ದುಂಡು ಗಾಜಿನ ಹಿಂದೆ ನನ್ನ ಪಟ್ಟಾಪಟ್ಟಿ ಚಡ್ಡಿ! ನನ್ನೆದೆ ಧಸಕ್ಕಂತು. ಅವನು ಮಾತ್ರ ಕಣ್ಣು ಮಿಟುಕಿಸದೆ ಹೇಳ್ತಿದಾನೆ: "ನೋಡಿದ್ಯಾ ಗುರು? ಎಷ್ಟು ಸಲ ಮುಳುಗಿಸಿದ್ರೂ ಮತ್ತೆ ಎದ್ದು ಬರ್ತಾನೆ. ಎಂಥ ಛಲ! ಕಣ್ಣೆದುರಿಗೆ ಇರೋದೇ ಸಿನಿಮಾ ಅಂತ ನಮ್ಮ ಮೇಷ್ಟ್ರು ಹೇಳ್ತಿದ್ರು."

"ಅಯ್ಯೋ, ಅದು ನನ್ನ ಚಡ್ಡಿ ಕಣಯ್ಯಾ!"

ಅವನು ತಟ್ಟನೆ ಎದ್ದು, ಎರಡೂ ಕೈಯಲ್ಲಿ ನನ್ನ ಕೈ ಹಿಡ್ಕೊಂಡ. ಕ್ಷಮೆ ಕೇಳ್ತಾನೆ ಅಂದ್ಕೊಂಡೆ. "ಹಾಗಾದ್ರೆ ಇನ್ನೊಂದು ಸಲ ಒಗಿ. ಫೋಕಸ್ ಸರಿಯಾಗಿ ಬಂದಿಲ್ಲ" ಅಂದ.

ಜ್ವರ

ಮನಿಲಾದಲ್ಲಿ ಇಂಜಿನಿಯರಿಂಗ್ ಓದ್ತಿದ್ದಾಗ ಅವನು ಒಂದು ಜರ್ಮನ್ ಚಿತ್ರ ನೋಡಿ, ಮರುದಿನವೇ ಕಾಲೇಜು ಬಿಟ್ಟಿದ್ನಂತೆ. ಆ ಚಿತ್ರ ಮಾಡಿದ ಹಿರಿಯರು ಮ್ಯೂನಿಕ್ಕಿನ ಒಂದು ಸಣ್ಣ ಥಿಯೇಟರಿಗೆ ಬರ್ತಾರೆ, ಚಿತ್ರವನ್ನೂ ತೋರಿಸ್ತಾರೆ ಅಂತ ಗೊತ್ತಾಯ್ತು. ನನ್ನನ್ನೂ ಎಳ್ಕೊಂಡು ಹೋದ. ಜೊತೆಗೆ ನಮ್ಮ ಡಾಕ್ಟರಮ್ಮ. ಧಾರವಾಡದವರು, ಎಷ್ಟೋ ವರ್ಷದಿಂದ ಇಲ್ಲಿನ ಆಸ್ಪತ್ರೆಯಲ್ಲಿದ್ದಾರೆ, ಮ್ಯೂನಿಕ್ಕಿನ ಕನ್ನಡಿಗರಿಗೆಲ್ಲ ಅವರ ಮಾತೇ ಕಾನೂನು.

ಚಿತ್ರದಲ್ಲಿ ಒಂದು ಹಸು ಬೇಲಿ ಪಕ್ಕ ನಿಂತು ಮೆಲುಕು ಹಾಕ್ತಿತ್ತು. ಹಾಕ್ತಾನೇ ಇತ್ತು. ಡೈರೆಕ್ಟರ್ ಬಿಕ್ಕಿ ಬಿಕ್ಕಿ ಅಳ್ತಿದ್ದ. "ಆಕಳಿಗೆ ಏನರ ಆಗತದೇನು?" ಅಂತ ಡಾಕ್ಟರಮ್ಮ ಕೇಳಿದ್ರು. ಏನೂ ಆಗಲಿಲ್ಲ.

ಚಿತ್ರ ಮುಗಿದ ಮೇಲೆ ಹಿರಿಯರ ಹತ್ತಿರ ಹೋದ್ವಿ. ಫಿಲಿಪೀನ್ಸಿನಲ್ಲಿ ದೊಡ್ಡವರ ಕೈ ತಗೊಂಡು ತಮ್ಮ ಹಣೆಗೆ ಒತ್ಕೋತಾರೆ, ಅದೇ ಅವರ ನಮಸ್ಕಾರ. ಡೈರೆಕ್ಟರ್ ಹಾಗೇ ಮಾಡಿದ. ಹಿರಿಯರು ಗಾಬರಿಯಾಗಿ ಅವನ ಹಣೆ ಮುಟ್ಟಿ, ಕೆನ್ನೆ ಮುಟ್ಟಿ, "ಜ್ವರ ಇದ್ದ ಹಾಗಿಲ್ಲ, ಆದ್ರೂ ಮನೆಗೆ ಹೋಗಿ ಮಲಕ್ಕೋ ಮಗು" ಅಂದ್ರು. ಅವನು ತನ್ನ ಪದ್ಧತಿಯಂತೆ ಮಾಡಿದ, ಸರಿ. ನಮ್ಮ ಪದ್ಧತಿ ನಾವು ಬಿಡೋಕಾಗುತ್ತಾ? ನಾನು ಬಗ್ಗಿ ಕಾಲಿಗೆ ಬಿದ್ದೆ. "ಇವನು ಬಿದ್ದೇ ಹೋದ! ಡಾಕ್ಟರ್! ಡಾಕ್ಟರ್ ಇದಾರಾ?" ಅಂತ ಹಿರಿಯರು ಕೂಗಿದ್ರು. ಇಡೀ ಹಾಲ್ ಎದ್ದು ನಿಂತ್ಕೊಳ್ತು.

ಡಾಕ್ಟರಮ್ಮ ಜನರನ್ನ ಸರಿಸ್ಕೊಂಡು ಬಂದು ಜರ್ಮನ್‌ನಲ್ಲಿ ಹೇಳಿದ್ರು: "ಹೆದರಬೇಡಿ, ಇದು ಕಾಯಿಲೆ ಅಲ್ಲ. ಇಬ್ಬರಿಗೂ ನಿಮ್ಮ ಮೇಲಿನ ಗೌರವ ಜಾಸ್ತಿಯಾಗಿದೆ."

ಹಿರಿಯರು ಒಂದು ಹೆಜ್ಜೆ ಹಿಂದೆ ಸರಿದು ಕೇಳಿದ್ರು: "ಅಂಟುತ್ತಾ?"

ಅಜ್ಜಿ

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಜರ್ಮನ್ ಅಜ್ಜಿ, ಗಂಡ ತೀರಿಕೊಂಡವರು. ಭಾನುವಾರ ಒಂದು ಮೊಳೆ ಹೊಡೆದ್ರೂ ಮೆಟ್ಟಿಲು ಹತ್ತಿ ಬಂದು ಬೆಂಡೆತ್ತೋರು. ಡೈರೆಕ್ಟರ್ ಅವರನ್ನೇ ನಾಯಕಿ ಮಾಡ್ತೀನಿ ಅಂದಾಗ, ಇವನ ಕಥೆ ಮುಗೀತು ಅಂದ್ಕೊಂಡೆ. ಅಜ್ಜಿ ಒಪ್ಪಿಕೊಂಡೇಬಿಟ್ಟರು!

ಚಿತ್ರದಲ್ಲಿ ಅವರು ಸಂಜೆ ಒಬ್ಬರೇ ಕೂತು ಬ್ರೆಡ್, ಚೀಸ್, ಸೌತೆಕಾಯಿ ತಿಂತಾರೆ. ಎದುರಿಗೆ ಗಂಡನ ಖಾಲಿ ಕುರ್ಚಿ. ಅಷ್ಟೇ. ಡೈರೆಕ್ಟರ್ ಆ ತುಣುಕು ತೋರಿಸಿದಾಗ, ಇನ್ನೊಂದು ಸಲ ಹಾಕು ಅಂದೆ. "ಅಪ್ಪ ಹೋದ ಮೇಲೆ ನಮ್ಮಮ್ಮನೂ ಹೀಗೇ ತಿನ್ನೋದು ಗುರು" ಅಂದ ಅವನು.

ಮೆಟ್ಟಿಲಲ್ಲಿ ಸಿಕ್ಕಾಗ ಅಜ್ಜಿಗೆ, "ಎಂಥಾ ನಟನೆ!" ಅಂದೆ.

"ನಟನೆಯೇನು ಬಂತು? ಹಸಿವಾಗಿತ್ತು" ಅಂದ್ರು.

ಕತ್ತಲೆ

ಕೊನೆಗೆ ಚಿತ್ರ ಮುಗೀತು. ಅದೇ ಸಣ್ಣ ಥಿಯೇಟರಿನಲ್ಲಿ ಭಾನುವಾರ ಮಧ್ಯಾಹ್ನ ಒಂದೇ ಒಂದು ಶೋ. ಉತ್ಸವಕ್ಕೆ ಚಿತ್ರ ಆರಿಸೋ ಜರ್ಮನ್ ಹೆಂಗಸು ನೋಡೋಕೆ ಬರ್ತಾರೆ ಅಂತ ಸುದ್ದಿ. ಬೇರೆ ಕಡೆಯೆಲ್ಲ ಬೇಡ ಅಂದಿದ್ರು, ಇದೇ ಕೊನೇದು. ಡೈರೆಕ್ಟರ್ ಮುಖ ಬಿಳಿಚಿಕೊಂಡಿತ್ತು. "ಹಾಲ್ ಖಾಲಿ ಹೊಡೆದ್ರೆ ನಾನು ಟೈರ್ ಅಂಗಡಿಗೇ ಗುರು. ಜನ ಕರ್ಕೊಂಡು ಬಾ."

ಜನ ಸೇರಿಸೋದು ನಮಗೆ ಹೇಳಿಕೊಡಬೇಕಾ? ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನ ನಮ್ಮ ಆಫೀಸಿನ ಕನ್ನಡದ ಹುಡುಗರು, ಅವರ ಹೆಂಡತಿ ಮಕ್ಕಳು, ಡಾಕ್ಟರಮ್ಮ, ಎಲ್ಲರೂ ಬಂದ್ರು. ಎರಡೂವರೆ ಗಂಟೆ ಪಿಕ್ಚರ್ ಅಂದಿದ್ದೆ. ಅದಕ್ಕೇ ಡಬ್ಬಿ ಕಟ್ಕೊಂಡು ಬಂದಿದ್ರು. ನಾನೂ ಪುಳಿಯೋಗರೆ ಕಲಸಿ ತಂದಿದ್ದೆ.

ಮೊದಲ ಒಂದು ಗಂಟೆ ಎಲ್ಲ ಸರಿಯಾಗಿತ್ತು. ಅಜ್ಜಿ ಕೊನೇ ತುತ್ತು ತಿಂದು ದೀಪ ಆರಿಸಿದ್ರು. ಪರದೆ ಪೂರ್ತಿ ಕಪ್ಪಾಯ್ತು. ಆಮೇಲೆ ಕೆಲವು ನಿಮಿಷ ಬರೀ ಕತ್ತಲೆ, ಬರೀ ಗಡಿಯಾರದ ಸದ್ದು. ಅದೇ ಕಲೆಯಂತೆ, ಪುಣ್ಯಾತ್ಮ ನನಗೆ ಹೇಳೇ ಇರಲಿಲ್ಲ!

ಹಿಂದಿನ ಸಾಲಿಂದ ಒಬ್ಬ, "ಇಂಟರ್ವಲ್ ಮಗಾ!" ಅಂದ.

ಮುಗೀತು. ಟಪಟಪ ಡಬ್ಬಿ ಬಿಚ್ಚಿಕೊಂಡ್ವು. ಇಂಗಿನ ಘಮ ಹಾಲ್ ತುಂಬ. "ಉಪ್ಪಿನಕಾಯಿ ಈ ಕಡೆ", "ಲೇ, ತಟ್ಟೆ ಕೊಡೋ" ಅಂತ ಗಲಾಟೆ. ಡಾಕ್ಟರಮ್ಮ ನನ್ನ ಪುಳಿಯೋಗರೆ ಡಬ್ಬಿ ಕಿತ್ಕೊಂಡು ಸಾಲುಸಾಲಿಗೆ ಬಡಿಸ್ತಾ ಹೋದ್ರು. ಮುಂದಿನ ಸಾಲಲ್ಲಿ ಆ ಆಯ್ಕೆಯ ಹೆಂಗಸು! "ತಗೋರಿ, ತಿನ್ರಿ, ಒಬ್ಬರ ಕೂಡಬ್ಯಾಡ್ರಿ" ಅಂತ ಕತ್ತಲಲ್ಲೇ ತಟ್ಟೆ ಕೈಗೆ ತುರುಕಿದ್ರು. ಆಕೆ ತಿನ್ನೋವರೆಗೂ ಕದಲಲಿಲ್ಲ. ಬಾಗಿಲ ದೀಪದ ಮಂದ ಬೆಳಕಲ್ಲಿ ಡೈರೆಕ್ಟರ್ ತಲೆ ಮೇಲೆ ಕೈ ಹೊತ್ತು ಕೂತಿದ್ದು ನನಗೆ ಗೊತ್ತಾಯ್ತು. ಅಯ್ಯೋ ದೇವರೇ, ಇವನ ಜೀವನ ಹಾಳು ಮಾಡಿದ್ವಲ್ಲ ಅಂದ್ಕೊಂಡೆ.

ಪಿಕ್ಚರ್ ಮುಗಿದು ದೀಪ ಹತ್ತಿದಾಗ ಆಕೆಯ ಕಣ್ಣಲ್ಲಿ ನೀರು. ಖಾರಕ್ಕೆ ಅಂದ್ಕೊಂಡೆ. ಆಕೆ ಸೀದಾ ಡೈರೆಕ್ಟರ್ ಹತ್ತಿರ ಬಂದ್ರು.

"ಒಬ್ಬಂಟಿ ಹೆಂಗಸಿನ ಊಟ ತೋರಿಸಿ, ಕತ್ತಲಲ್ಲಿ ಅಪರಿಚಿತರ ಕೈಯಿಂದ ನಮಗೆಲ್ಲ ಊಟ ಹಾಕಿಸಿದ್ರಿ. ಇಂಥದ್ದನ್ನ ನಾನು ನೋಡೇ ಇಲ್ಲ. ಚಿತ್ರ ತಗೊಂಡಿದೀನಿ. ಆದ್ರೆ ಉತ್ಸವದಲ್ಲೂ ಹೀಗೇ ಆಗಬೇಕು, ಈ ಜನವೇ ಬರಬೇಕು."

ಡೈರೆಕ್ಟರ್ ನನ್ನ ಕಡೆ ನೋಡಿದ. ಎಲ್ಲ ಮೊದಲೇ ಬರೆದಿಟ್ಟಿದ್ದೇ ಅನ್ನೋ ಹಾಗೆ ನಾನು ತಲೆ ಆಡಿಸಿದೆ.

"ಮತ್ತೆ, ನನ್ನ ಮುಂದೆ ನಿಂತು ಗದರಿಸಿ ತಿನ್ನಿಸಿದ ಆ ನಟಿ ಯಾರು? ಅವರಂತೂ ಬರಲೇಬೇಕು" ಅಂದ್ರು ಆಕೆ.

ನಾನು ಹೋಗಿ ಡಾಕ್ಟರಮ್ಮನಿಗೆ ವಿಷಯ ಮುಟ್ಟಿಸಿದೆ. ಅವರು ಖಾಲಿ ಡಬ್ಬಿ ಮುಚ್ಚಿ, ಸೆರಗು ಸರಿ ಮಾಡ್ಕೊಂಡು ಹೇಳಿದ್ರು: "ಬರ್ತೀನಂತ ಹೇಳ್ರಿ. ಆದ್ರ ನನಗ ಡೈಲಾಗ್ ಒಂದೀಟು ಜಾಸ್ತಿ ಬರಿ ಅನ್ರಿ ಅವಂಗ."