ಹೆಸರಿಲ್ಲದ ಚಪ್ಪಡಿ

ಬಸ್‌ಸ್ಟಾಪಿನ ಮುಂದೆ ಚರಂಡಿಯ ಚಪ್ಪಡಿ ಮುರಿದು ಮೂರು ತಿಂಗಳಾಗಿತ್ತು. ಹೊಸದುರ್ಗದ ಬಸ್ಸು ಹಿಡಿಯುವವರೆಲ್ಲ ಪಂಚೆ, ಸೀರೆ ಎತ್ತಿಕೊಂಡು ಹಾರಬೇಕು. ಹಾಗೆಂದು ಊರಿನಲ್ಲಿ ಕಲ್ಲಿಗೆ ಬರವಿರಲಿಲ್ಲ. ಕೊಡಲು ಐದು ಜನ ತುದಿಗಾಲಲ್ಲಿ ನಿಂತಿದ್ದರು. ಕಲ್ಲಿನ ಮೇಲೆ ಯಾರ ಹೆಸರು ಮೊದಲು ಬರಬೇಕೆಂಬುದೊಂದೇ ತೀರ್ಮಾನವಾಗಿರಲಿಲ್ಲ.

ಆ ಬೆಳಿಗ್ಗೆ ಮುದುಕಿ ಚಂದ್ರಕ್ಕ ಚರಂಡಿಗೆ ಬಿದ್ದು ಕಾಲು ಉಳುಕಿಸಿಕೊಂಡಳು. ಟೀ ಅಂಗಡಿಯಲ್ಲಿ ಕೂತಿದ್ದ ಮೂರ್ತಪ್ಪನಿಗೆ ಮೈಯೆಲ್ಲ ಉರಿಯಿತು.

"ಹೆಸರಿಲ್ದೆ ಒಂದು ಕಲ್ಲು ಹಾಕಾಕೆ ಈ ಊರಾಗೆ ಒಬ್ಬನೂ ಇಲ್ವೇನ್ರಿ?"

ಪೇಂಟ್ ಅಂಗಡಿಯ ಲಕ್ಷ್ಮೀಕಾಂತ್ ನಕ್ಕ. "ಹೆಸರಿಲ್ದೆ ಕೊಡೋನು ಇನ್ನೂ ಹುಟ್ಟಿಲ್ಲ ಬಿಡಪ್ಪ."

ಮೂರ್ತಪ್ಪ ಎದ್ದು ಹೋದ. ಹೆಸರು ಹೇಳದೆ ಕಲ್ಲು ಹಾಕಿ ಇವನ ಸೊಕ್ಕು ಮುರಿಯದಿದ್ದರೆ ನಾನು ಮೂರ್ತಪ್ಪನೇ ಅಲ್ಲ ಎಂದುಕೊಂಡ.

ಮಧ್ಯಾಹ್ನ ಊರಿಗೆ ಊರೇ ಗೃಹಪ್ರವೇಶದ ಹೋಳಿಗೆ ಊಟಕ್ಕೆ ಹೋಗಿತ್ತು. ಹೆಂಡತಿ ತಿಪ್ಪಮ್ಮನೂ ಹೋಗಿದ್ದಳು. ಮೂರ್ತಪ್ಪ ಹೊಟ್ಟೆನೋವಿನ ನೆಪ ಹೇಳಿ ಹಿತ್ತಲಿಗೆ ಇಳಿದ. ಇಪ್ಪತ್ತು ವರ್ಷದಿಂದ ತಿಪ್ಪಮ್ಮ ಬಟ್ಟೆ ಒಗೆಯುತ್ತಿದ್ದ ಚಪ್ಪಡಿಯನ್ನು ಹಾರೆಯಿಂದ ಮೀಟಿ, ಕೈಗಾಡಿಗೆ ಹೇರಿ, ಹೆಬ್ಬೆರಳು ಜಜ್ಜಿಕೊಂಡು, ಅಂತೂ ಚರಂಡಿಯ ಮೇಲೆ ಕೂರಿಸಿದ. ಹೋಳಿಗೆಯ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಅದೊಂದನ್ನು ನೆನೆದರೆ ಅವನಿಗೆ ಈಗಲೂ ಸಂಕಟವಾಗುತ್ತದೆ.

ಸಂಜೆ ಜನ ಸೇರಿ ಯಾರು ಪುಣ್ಯಾತ್ಮ ಎಂದು ಬೆರಗಾದರು. ಲಕ್ಷ್ಮೀಕಾಂತ್ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮದುಮಗನ ಹಾಗೆ ತಲೆ ತಗ್ಗಿಸಿ ಮುಗುಳ್ನಕ್ಕ. ಎಲ್ಲರೂ ಅವನ ಕೈ ಕುಲುಕಿದರು. ಮೂರ್ತಪ್ಪ ಹಲ್ಲು ಕಚ್ಚಿಕೊಂಡು, ಜಜ್ಜಿದ ಬೆರಳನ್ನು ಪಂಚೆಯಲ್ಲಿ ಮರೆಮಾಡಿ ನಿಂತ. ಚಂದ್ರಕ್ಕ ಕುಂಟುತ್ತಲೇ ಚಪ್ಪಡಿ ದಾಟಿದ್ದನ್ನು ನೋಡಿ, ಹಾಳಾಗಲಿ, ಇಷ್ಟು ಸಾಕು ಎನಿಸಿತು.

ಅಷ್ಟರಲ್ಲಿ ತಿಪ್ಪಮ್ಮ ಬಟ್ಟೆಯ ಬಕೆಟ್ ಹಿಡಿದೇ ಬಂದಳು. ಮುಕ್ಕಾದ ಮೂಲೆ ನೋಡಿ ಕಲ್ಲಿನ ಗುರುತು ಹಿಡಿದಳು.

"ಇದು ನಮ್ಮ ಹಿತ್ಲ ಕಲ್ಲು. ಯಾವನ್ ಕದ್ದೋನು?"

ಲಕ್ಷ್ಮೀಕಾಂತನ ನಗು ಇಂಗಿತು. ತಾನು ಕೊಟ್ಟೆನೆಂದು ಯಾವಾಗ ಹೇಳಿದೆ ಎಂದು ಅವನೇ ಜನರನ್ನು ಕೇಳತೊಡಗಿದ. ಕಲ್ಲು ವಾಪಸ್ಸು ಹೋಗುವ ಸೂಚನೆ ಕಂಡು ಮೂರ್ತಪ್ಪ ಶಪಥ ಮುರಿದ.

"ನಾನೇ ಹಾಕಿದ್ದು. ಇರ್ಲಿ ಬಿಡ್ರಿ."

ಚಂದ್ರಕ್ಕನೂ ಸೇರಿದಂತೆ ಎಲ್ಲರೂ ಬಿದ್ದು ಬಿದ್ದು ನಕ್ಕರು.

ತಿಪ್ಪಮ್ಮ ಮಾತ್ರ ನಗಲಿಲ್ಲ. "ಕಳ್ಳರ ಮಾನ ಉಳಿಸಾಕೆ ನೀವ್ಯಾಕ್ರಿ ಸುಳ್ಳು ಹೇಳ್ತೀರ? ಬಾಳೆಎಲೆ ಕೇಳಿದ್ರೂ ಕೊಡ್ದೋರು ನೀವು."

ಕದ್ದ ಕಲ್ಲು ಊರಿಗೆ ಬೇಡವೆಂದು ತೀರ್ಮಾನವಾಯಿತು. ಮೂರು ತಿಂಗಳು ಚರಂಡಿಯ ಕಡೆ ಒಂದು ಕೈಯೂ ಬಂದಿರಲಿಲ್ಲ; ಕಲ್ಲು ತೆಗೆಯಲು ಹತ್ತು ಜನ ಬಂದರು. ಯಾರೂ ಕರೆದಿರಲಿಲ್ಲ. ಹೊತ್ತು ತಂದು ಹಿತ್ತಲಿನಲ್ಲಿಟ್ಟು, ಮತ್ತೆ ಕಳುವಾಗಬಾರದೆಂದು ಲಕ್ಷ್ಮೀಕಾಂತನ ಅಂಗಡಿಯ ಕೆಂಪು ಪೇಂಟಿನಲ್ಲಿ ಮೊಳದುದ್ದ ಬರೆದೂ ಹೋದರು: ಮೂರ್ತಪ್ಪ.

ಮೂರ್ತಪ್ಪ ಆ ಅಕ್ಷರಗಳನ್ನೇ ದಿಟ್ಟಿಸಿ ನೋಡಿದ. ಈಗ ಚರಂಡಿಗೆ ಹಾಕಿದರೆ ಹೆಸರಿಗೋಸ್ಕರವೇ ಹಾಕಿದ ಎನ್ನುತ್ತಾರೆ. ಆದರೂ ಸೋಲುವ ಮಗನಲ್ಲ ಅವನು. ಹಾರೆ ಎತ್ತಿಕೊಂಡ.

"ಹೆಸರು ಕೆಳಗೆ ಮಾಡಿ ಮಗುಚಿ ಹಾಕ್ತೀನಿ. ಯಾವನ್ ಏನ್ ಮಾಡ್ತಾನೋ ನೋಡೇಬಿಡಾಣ."

ತಿಪ್ಪಮ್ಮ ಬಟ್ಟೆಗೆ ಸೋಪು ಹಚ್ಚುತ್ತಿದ್ದವಳು ತಲೆಯೆತ್ತಲಿಲ್ಲ.

"ಕಳ್ಳರೂ ಹಂಗೇ ಮಗುಚ್ತಾರೆ ಅಂತ ಕೆಳಗಡೇನೂ ಬರೆಸೀನಿ."